ಯಾರಿಂದ ಬಂದ ಧುನ್

ಅಬು ಹಲೀಫಾ, ಕುವೈತ್
೧೭ ನವೆಂಬರ್ ೨೦೨೪

ಪ್ರೀತಿಯ ಕಾಂಚನಾ,

ನೀನು, ಮಕ್ಕಳು ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ದೀಪಾವಳಿಗೆ ನೀನು ಅಷ್ಟುದ್ದ ಮೆಸೇಜ್ ಕಳಿಸಿದರೆ ನಾನು ಒಂದು ದೀಪದ ಚಿತ್ರ ಕಳಿಸಿ ಸುಮ್ಮನಾದೆ, ಕ್ಷಮಿಸು. ಹೇಳಬೇಕಾದದ್ದು ಫೋನಿನಲ್ಲಿ ಹೇಳಲು ಬರಲಿಲ್ಲ. ನನ್ನ ವಿದ್ಯಾರ್ಥಿ ಬಸವಂತ ಧಾರವಾಡಕ್ಕೆ ಹೊರಟಿದ್ದಾರೆ, ಅವರ ಕೈಯಲ್ಲಿ ಈ ಕಾಗದ. ಅವರು ಮುಂದಿನ ವಾರ ವಾಪಸ್ ಬರುವಾಗ ನಿನ್ನ ಉತ್ತರ ತರಬೇಕು. ನಿನ್ನ ಒಪ್ಪಿಗೆ ಕೇಳುವುದಿದೆ. ನನ್ನ ಕಾನ್ವೆಂಟ್ ಕನ್ನಡಕ್ಕೆ ನಗಬೇಡ.

ಸಂಜೆ ನಮ್ಮ ಹಾಲ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂಬತ್ತು ವರ್ಷದ ಫರ್ಸಾನಾಳಿಂದ ಅವಳ ಅಜ್ಜಿ ನಫೀಸಮ್ಮನವರೆಗೆ ಹದಿನಾಲ್ಕು ಜನ ಕಲಿಯಲು ಬರುತ್ತಾರೆ. ಅರ್ಧ ಜನಕ್ಕೆ ಮಾಮೂಲಿ ವಯಲಿನ್, ಉಳಿದವರಿಗೆ ನಾರ್ವೆಯ ಹಳ್ಳಿಯ ಫಿಡಲ್. ಅದನ್ನು ನನಗೆ ಕಲಿಸಿದ್ದು ಎದುರಿನ ಫ್ಲ್ಯಾಟಿನಲ್ಲಿದ್ದ ಮಾರ್ಗಿತ್. ಈಗ ಅವಳು ತನ್ನ ದೇಶಕ್ಕೆ ಮರಳಿದ್ದಾಳೆ. ನೋಟ್ಸ್ ಇಲ್ಲ, ಕೇಳಿಯೇ ಕಲಿಯಬೇಕು. ನುಡಿಸುತ್ತಲೇ ಪಾದದಿಂದ ನೆಲಕ್ಕೆ ತಾಳ ಹೊಡೆಯಬೇಕು. ಕೆಲವು ಧುನ್‌ಗಳಿಗೆ ತಂತಿಗಳನ್ನು ಅಪ್ಪ ಕಲಿಸಿದ ಹಾಗೇ ಸ-ಪ-ಸ-ಪ ಎಂದು ಶ್ರುತಿ ಮಾಡುತ್ತಾರೆ, ಗೊತ್ತಾ?

ಬಸವಂತ ರಿಫೈನರಿಯಲ್ಲಿ ಟೆಕ್ನಿಶಿಯನ್. “ಮೇಡಂ, ಕಾಲು ಬಡದ್ರ ಕೈ ನಿಂದರತದ, ಕೈ ಆಡಿಸಿದ್ರ ಕಾಲು ನಿಂದರತದ. ಎರಡಕ್ಕೂ ಒಬ್ಬ ಫೋರ್‌ಮನ್ ಸಾಲಂಗಿಲ್ಲ” ಎನ್ನುತ್ತಾರೆ. ಕೆಳಗಿನ ಮನೆಯವರು ದೂರಿದರೆಂದು ಒಮ್ಮೆ ಕಟ್ಟಡದ ಕಾವಲುಗಾರ ಬಂದು ಬಾಗಿಲಲ್ಲಿ ನಿಂತು, “ಖಲಾಸ್, ಮೇಡಂ, ಖಲಾಸ್!” ಎಂದ. ನಫೀಸಮ್ಮ, “ನಿನಗೂ ಕುರ್ಚಿ ಉಂಟು ಮಾರಾಯಾ, ಕೂತುಕೋ” ಎಂದರು. ಅವನಿಗೆ ಕನ್ನಡ ತಿಳಿಯದಿದ್ದರೂ ಕೂತು ಚಹಾ ಕುಡಿದೇ ಹೋದ. ಈಗ ದಪ್ಪ ಕಾರ್ಪೆಟ್ ಹಾಸಿದ್ದೇವೆ.

ಸುಖವಾಗಿದ್ದೇನೆ ಕಾಂಚನಾ. ಹೇಳಿಕೊಳ್ಳಲು ಸಂಕೋಚವಾಗುವಷ್ಟು.

ಇನ್ನು ವಿಷಯ. ಇಪ್ಪತ್ತೊಂಬತ್ತನೇ ತಾರೀಖು, ಶುಕ್ರವಾರ, ನಮ್ಮ ಕಾರ್ಯಕ್ರಮ. ಮಾರ್ಗಿತ್‌ಳ ಕಡೆ ಒಂದು ಪದ್ಧತಿಯಿದೆ: ನುಡಿಸುವ ಮೊದಲು ಆ ಧುನ್ ಯಾರಿಂದ ಬಂತೆಂದು ಹೆಸರು ಹೇಳಬೇಕು. ಹೇಳದೆ ನುಡಿಸಿದರೆ ಕದ್ದ ಹಾಗೆ ಎನ್ನುತ್ತಿದ್ದಳು. ಮೊನ್ನೆ ರಿಹರ್ಸಲ್‌ನಲ್ಲಿ ಬಸವಂತ ಎದ್ದು ನಿಂತು, “ಇದು ಸ್ವಪ್ನಾ ಮೇಡಂ ಅವರಿಂದ, ಅವರಿಗೆ ಮಾರ್ಗಿತ್ ಮೇಡಂ ಅವರಿಂದ, ಅವರಿಗೆ ಅವರ ಅಜ್ಜನಿಂದ” ಎಂದು ವಂಶಾವಳಿ ಓದಿದಂತೆ ಓದಿದರು. ಆಮೇಲೆ ಫರ್ಸಾನಾಳ ಸರದಿ. ಅವಳಿಗೆ ನಾನು ಕಲಿಸಿದ್ದು ನಾರ್ವೆಯದಲ್ಲ. ನೀನು ಹತ್ತನೇ ಕ್ಲಾಸಿನಲ್ಲಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕಟ್ಟಿದೆಯಲ್ಲ, ಆ ಪುಟ್ಟ ಧುನ್.

“ಮಿಸ್, ಹೂ ಡಿಡ್ ಯು ಗೆಟ್ ಇಟ್ ಫ್ರಮ್?”

“ನನ್ನದೇ” ಎಂದೆ. ಯೋಚಿಸುವ ಮೊದಲೇ ಬಾಯಿಗೆ ಬಂತು.

ನಫೀಸಮ್ಮ ಕಮಾನಿಗೆ ರಾಳ ತಿಕ್ಕುತ್ತಿದ್ದರು. ತಲೆ ಎತ್ತದೆಯೇ, “ಟೀಚರಿಗೆ ಎಲ್ಲ ಬೇರೆಯವರಿಂದ ಬಂದದ್ದು, ಇದೊಂದು ಮಾತ್ರ ಆಕಾಶದಿಂದ ಬಿದ್ದದ್ದಾ?” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆ ಖಾಲಿಯಾದ ಮೇಲೆ ಕುರ್ಚಿ ಮಡಚುತ್ತ ಯೋಚಿಸಿದೆ: ಇಷ್ಟು ಸಲೀಸಾಗಿ ಹೇಗೆ ಹೇಳಿದೆ? ಹೇಳಿ ರೂಢಿಯಾಗಿದೆಯೇ?

ಶುಕ್ರವಾರ ಆ ಹುಡುಗಿ ಎದ್ದು ನಿಂತು “ಇದು ಕಾಂಚನಾ ಅವರಿಂದ” ಎನ್ನಬೇಕೆಂದು ನನ್ನ ಆಸೆ. ಆದರೆ ಇಷ್ಟು ವರ್ಷದ ಮೇಲೆ ನಿನ್ನ ಹೆಸರು ಎತ್ತುವ ಹಕ್ಕು ನನಗಿದೆಯೋ ಇಲ್ಲವೋ ತಿಳಿಯದು. ಹೂಂ ಎಂದರೆ ಹೇಳಿಸುತ್ತೇನೆ. ಬೇಡವೆಂದರೆ ಆ ಧುನ್ ಇನ್ನು ನನ್ನ ಮನೆಯಲ್ಲಿ ಯಾರೂ ನುಡಿಸುವುದಿಲ್ಲ. ಫರ್ಸಾನಾಗೆ ಬೇರೆ ಕಲಿಸುತ್ತೇನೆ.

ಖರ್ಜೂರದ ಡಬ್ಬಿ ಮಕ್ಕಳಿಗೆ. ಅವರ ನೆತ್ತಿಯ ಮೇಲೆ ನನ್ನ ಪರವಾಗಿ ಕೈಯಿಡು. ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಕ್ಕ,
ಸ್ವಪ್ನಾ

ಮರೆತ ಮಾತಲ್ಲ ಇದು. ಮೇಲೆ ಬರೆಯಲು ಧೈರ್ಯವಾಗಲಿಲ್ಲ. ನೀನು ಅದನ್ನು ಕಟ್ಟಿದ ವರ್ಷ ಒಂದು ದಿನ, ಮನೆಗೆ ಬಂದ ಅತಿಥಿಗಳ ಮುಂದೆ ನಾನು ಅದನ್ನು ನುಡಿಸಿದಾಗ ಅಪ್ಪ, “ಯಾರು ಕಟ್ಟಿದ್ದವಾ ಇದು?” ಎಂದು ಕೇಳಿದರು. “ನಾನಽ” ಎಂದೆ. ನೀನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ಇದ್ದೆ. ಮರುದಿನದಿಂದ ನೀನು ವಯಲಿನ್ ಮುಟ್ಟಲಿಲ್ಲ. ಪರೀಕ್ಷೆ ಬಂತು, ಅದಕ್ಕೇ ಬಿಟ್ಟಳು ಎಂದು ಮನೆಯವರೆಲ್ಲ ಅಂದರು, ನಾನೂ ಅಂದೆ. ಪರೀಕ್ಷೆ ಮುಗಿದ ಮೇಲೂ ನೀನು ಪೆಟ್ಟಿಗೆ ತೆರೆಯಲಿಲ್ಲ. ಯಾಕೆಂದು ನಾನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ನೀನು ಹೇಳಿಬಿಡುತ್ತಿದ್ದೆ.