ಅಪ್ಪ ಕರಿಯುತ್ತಿದ್ದ ಕೋಳಿ

ಅಂಗಡಿಯ ಹಿಂದಿನ ಕೋಣೆ,
ಭಾನುವಾರ ಮಧ್ಯಾಹ್ನ, ಹದಿನಾಲ್ಕನೇ ತಾರೀಖು

ನನ್ನ ತಂಗಿ ಮೆಣಸಿನಕಾಯಿಗೆ,

ಹೇಗಿದ್ದೀಯೆ? ಮೊಣಕೈ ಹತ್ತಿರದ ಸುಟ್ಟ ಕಲೆ ಬಿಸಿಲಿಗೆ ಹೋದರೆ ಈಗಲೂ ಉರಿಯುತ್ತಾ? ಹೊತ್ತಿಗೆ ಸರಿಯಾಗಿ ಊಟ ಮಾಡ್ತೀಯೋ, ಇಲ್ಲ ಹಾಸ್ಟೆಲ್ ಮಕ್ಕಳಿಗೆಲ್ಲ ಬಡಿಸಿ ನೀನು ತಳ ಹಿಡಿದದ್ದನ್ನು ಕೆರೆದು ತಿನ್ತೀಯೋ? ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ. ನಾನು ಚೆನ್ನಾಗಿದ್ದೀನಿ. ಅಮ್ಮನಿಗೆ ಮಂಡಿನೋವು, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಎರಡು ವರ್ಷಕ್ಕೆ ನಿನ್ನಿಂದ ಒಂದು ಕಾಗದ ಬಂತು, ಅದರಲ್ಲೂ ಕೇಳಿದ್ದೇನು ಅಂದರೆ ಅಪ್ಪನ ಕರಿದ ಕೋಳಿ ಮಾಡೋದು ಹೇಗೆ ಅಂತ! ಮುಂದಿನ ಭಾನುವಾರ ಮಾಡಲೇಬೇಕು ಅಂತ ವಾರ್ಡನ್ ಅಮ್ಮ ಹಟ ಹಿಡಿದಿದ್ದಾರೆ, ಬಾಣಲೆ ಕಂಡರೆ ಹಿಂದೆ ಸರೀತೀನಿ, ನನ್ನ ಕೈಲಾಗುತ್ತಾ ಅಣ್ಣಾ ಅಂತ ಬರೆದಿದ್ದೀಯ. ಆ ಸಾಲು ಓದಿ ಅಂಗಡಿ ಬಾಗಿಲು ಎಳೆದುಕೊಂಡು ಕೂತುಬಿಟ್ಟೆ. ಗಿರಾಕಿಗಳು ತಟ್ಟಿ ತಟ್ಟಿ ಬೈಕೊಂಡು ಹೋದರು.

ಸರಿ, ಬರ್ಕೋ. ಒಂದು ಕೇಜಿಗಿಂತ ಜಾಸ್ತಿ ತೂಗೋ ಕೋಳಿ ಬೇಡ. ಚರ್ಮ ಸುಲಿಸಬೇಡ, ಮೂಳೆ ಬಿಡಿಸಬೇಡ, ಕೋಳಿಗೆ ಎಂಟೇ ತುಂಡು. ತೊಡೆಗೆ ಮಾತ್ರ ಮೂಳೆವರೆಗೂ ಎರಡು ಗೀರು ಹಾಕು. ಉಪ್ಪು, ನಿಂಬೆರಸ, ಜಜ್ಜಿದ ಬೆಳ್ಳುಳ್ಳಿ ಹಾಕಿದ ನೀರಲ್ಲಿ ಮೂರು ಗಂಟೆ ಮುಳುಗಿಸಿಡು. ಆಮೇಲೆ ಸೋಸಿ, ಹಳೇ ಹತ್ತಿಬಟ್ಟೆ ಮೇಲೆ ಹರಡಿ, ತಲೆಗೆ ನೀರು ಹಾಕಿದ ಮಗುವನ್ನು ಒರೆಸಿದ ಹಾಗೆ ಒಂದೊಂದೇ ತುಂಡನ್ನು ಒರೆಸು. ಅಕ್ಕಿಹಿಟ್ಟು, ತರಿತರಿಯಾಗಿ ಕುಟ್ಟಿದ ಕಾಳುಮೆಣಸು, ಖಾರದ ಪುಡಿ, ಚಿಟಿಕೆ ಅರಿಶಿನ, ಇಷ್ಟೇ. ಅದರಲ್ಲಿ ಹೊರಳಿಸಿ ಕೊಡವು. ಎಣ್ಣೆ ಅರ್ಧ ಬಾಣಲೆ ದಾಟಬಾರದು. ಚೂರು ಹಿಟ್ಟು ಹಾಕಿದಾಗ ಕಪ್ಪಾಗದೆ ಮೇಲೆ ತೇಲಿದರೆ ಹದ ಬಂದಿದೆ ಅಂತ. ನಾಲ್ಕು ನಾಲ್ಕೇ ತುಂಡು, ಅಂಚಿನಿಂದ ಜಾರಿಸು. ಮಧ್ಯಮ ಉರಿ, ಹದಿನೈದು ನಿಮಿಷ. ಮೊದಲು ಗಲಾಟೆ ಮಾಡೋ ಎಣ್ಣೆ ಬರ್ತಾ ಬರ್ತಾ ಸುಮ್ಮನಾಗುತ್ತೆ. ಆಗ ದಪ್ಪ ತುಂಡನ್ನು ಚುಚ್ಚಿ ನೋಡು, ಕೆಂಪು ನೀರು ಬರಬಾರದು.

ಒರೆಸೋ ವಿಷಯ ಬರೆಯುವಾಗಲೇ ಪೆನ್ನು ನಿಂತುಹೋಗಿತ್ತು. ಅಂಗಡಿಯಲ್ಲಿ ಅಪ್ಪ ಬಾಣಲೆಗೆ ಹಾಕೋ ಮುಂಚೆ ತಿರುಗಿಯೂ ನೋಡದೆ "ಒಣಗಿತಾ?" ಅಂತ ಕೂಗೋರು, ನೀನು ತಟ್ಟೆ ಮುಂದೆ ತಳ್ಳಿ "ಒಣಗಿತು" ಅನ್ನೋಳು. ಹತ್ತು ವರ್ಷ ನಿಮ್ಮಿಬ್ಬರದು ಇದೇ ಮಾತು. ಆ ದಿನವೂ ಹಾಗೇ ಅಂದೆ. ತುಂಡು ಬಿದ್ದಿದ್ದೇ ತಡ ಎಣ್ಣೆ ಉಕ್ಕಿ ಒಲೆ ಮೇಲೆ ಬಿದ್ದು ಭಗ್ ಅಂತ ಹೊತ್ತಿಕೊಂಡಿತು. ಅಪ್ಪನ್ನ ಎಳೆಯೋಕೆ ಹೋದವಳು ನೀನೊಬ್ಬಳೇ. ಪಾಪ, ಆಸ್ಪತ್ರೆಯಲ್ಲಿ ಒಂಬತ್ತು ದಿನ ನರಳಿದರು. ಅವರನ್ನು ಸ್ಮಶಾನಕ್ಕೆ ಸಾಗಿಸಿ ಬಂದ ದಿನ ಅಮ್ಮ ಎಲ್ಲರೆದುರು "ಒಣಗಿತು ಅಂದವಳು ನೀನೇ ತಾನೇ? ನಿನ್ನ ಬಾಯಿಗೆ ಮಣ್ಣು ಹಾಕ" ಅಂದಳು. ತಿಂಗಳು ತುಂಬೋದರೊಳಗೆ ಎರಡು ಜೊತೆ ಬಟ್ಟೆ ತಗೊಂಡು ಹೊರಟೆ. ಬಸ್ಸಿನವರೆಗೂ ನಿನ್ನ ಚೀಲ ಹೊತ್ತವನು ನಾನು. ಅಮ್ಮ ಇವತ್ತಿಗೂ ನಿನ್ನ ಹೆಸರೆತ್ತೋಲ್ಲ. ನೀನು ಈ ಹೊಸ್ತಿಲು ತುಳಿಯೋದು ಯಾವತ್ತೋ ಏನೋ.

ಹಿಂದೆ ಸರಿದರೂ ಮತ್ತೆ ಬಾಣಲೆ ಮುಂದೆ ಬಂದು ನಿಲ್ಲು, ಕೆಲಸ ಬಿಡಬೇಡ. ವಾರ್ಡನ್ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಆ ಮಕ್ಕಳು ಹೊಟ್ಟೆ ತುಂಬ ತಿನ್ನಲಿ, ನೀನೂ ಒಂದು ಕಾಲು ಎತ್ತಿಟ್ಟುಕೋ. ತಣ್ಣಗಿರು ತಾಯಿ.

ನಿನ್ನ ಕೈಲಾಗದ
ಅಣ್ಣ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಹರಿದೆ. ನೀನು ಒರೆಸಿದ ತುಂಡುಗಳು ಒಣಗೇ ಇದ್ದವು ಕಣೇ. ಆವತ್ತು ಬೆಳಿಗ್ಗೆ ನಾನು ಮುಸುಕು ಹಾಕಿ ಮಲಗಿಬಿಟ್ಟೆ, ಇನ್ನಷ್ಟು ಕೋಳಿ ತರೋಕೆ ಹೋಗಲೇ ಇಲ್ಲ. ಮಾಲು ಸಾಲದು ಅಂತ ಅಪ್ಪ ಉಗೀತಾರೆ ಅಂತ ಹೆದರಿ, ನೀನು ಹಿಟ್ಟು ಹಚ್ಚಿಟ್ಟು ಕೈ ತೊಳೆಯೋಕೆ ಒಳಗೆ ಹೋದಾಗ, ಐಸ್ ಪೆಟ್ಟಿಗೆಯಲ್ಲಿದ್ದ ತುಂಡುಗಳಿಗೆ ಹಿಟ್ಟು ಮೆತ್ತಿ ನಿನ್ನ ತಟ್ಟೆಯ ಅಡಿಗೆ ಸೇರಿಸಿದೆ. ಒಳಗೆಲ್ಲ ಐಸು ಗಟ್ಟಿ ಕಟ್ಟಿತ್ತು. ಜನ ಮುಗಿಬಿದ್ದಿದ್ದರು, ಅಪ್ಪ ನಿನ್ನ ಮಾತು ನಂಬಿ ತಟ್ಟೆಯನ್ನೇ ಸುರಿದರು, ಆ ಐಸಿಗೇ ಎಣ್ಣೆ ಉಕ್ಕಿದ್ದು. ಎರಡು ವರ್ಷ ನಿನ್ನ ತಲೆ ಮೇಲೆ ಗೂಬೆ ಕೂರಿಸಿ ನಾನು ಅನ್ನ ತಿಂದೆ. ಈಗಷ್ಟೇ ಅಮ್ಮನಿಗೆ ಎಲ್ಲ ಹೇಳಿದೆ. ಹೊಡೆಯಲಿಲ್ಲ, ಬೈಯಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ನಿನ್ನ ವಿಳಾಸ ಕೇಳಿದಳು. ಈ ಕಾಗದ ಟಪಾಲಿಗೆ ಹಾಕ್ತಿಲ್ಲ, ಅವಳ ಕೈಯಲ್ಲೇ ಕೊಡ್ತಿದ್ದೀನಿ. ನೀನು ಇದನ್ನು ಓದುವಾಗ ಅವಳು ಹಾಸ್ಟೆಲ್ ಗೇಟಿನ ಆಚೆ ನಿಂತಿರ್ತಾಳೆ. "ಮಗಳ ಮುಂದೆ ಹೋಗೋ ಮುಖ ನನಗಿಲ್ಲ, ಕಾವಲಿನವನ ಕೈಲಿ ಕಾಗದ ಕಳಿಸ್ತೀನಿ" ಅಂತ ಅಂದಿದ್ದಾಳೆ. ನನ್ನನ್ನು ನೀನು ಕ್ಷಮಿಸೋದು ಬೇಡ. ಅವಳನ್ನ ಮಾತ್ರ ಒಳಗೆ ಕರ್ಕೋ.