ಝುಬೈದಾ ತಾನೇ ಹೇಳಿದಳು

ಆಲೆಟ್ಟಿ, ಸುಳ್ಯ
೧೮ ಜನವರಿ ೧೯೫೯

ಪ್ರೀತಿಯ ದೇವದಾಸನಿಗೆ ನಿನ್ನ ಸಾಹುಲ್ ಹಮೀದನ ಸಲಾಂ.

ಮುಂಬಯಿಯಿಂದ ನೀನು ಹಾಕಿದ ಎರಡು ಕಾಗದಗಳೂ ತಲುಪಿವೆ. ಎರಡನೆಯದರಲ್ಲಿ ನೀನು ಬೈದದ್ದೂ ಸರಿಯಾಗಿಯೇ ತಲುಪಿದೆ. ಇಷ್ಟು ತಿಂಗಳು ಉತ್ತರ ಬರೆಯದೆ ಉಳಿದದ್ದು ಮರೆವಿನಿಂದಲ್ಲ ಮಾರಾಯ. ನನ್ನ ಬಲಗೈ ಮುರಿದಿತ್ತು. ಎಲುಬು ಕೂಡಿದರೂ ಬೆರಳುಗಳು ಈಗಷ್ಟೇ ಮಾತು ಕೇಳುತ್ತಿವೆ. ಇನ್ನೊಬ್ಬರಿಂದ ಬರೆಸೋಣವೆಂದರೆ ಇದು ಇನ್ನೊಬ್ಬರಿಂದ ಬರೆಸುವ ಸುದ್ದಿಯಲ್ಲ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ಉಮ್ಮ ಗಟ್ಟಿಯಾಗಿದ್ದಾರೆ. ಮುಂಬಯಿಯಲ್ಲಿ ನಿನಗೆ ಕುಚ್ಚಲಕ್ಕಿ ಸಿಗುತ್ತದೋ ಇಲ್ಲವೋ ಎಂದು ಈಗಲೂ ಕೇಳುತ್ತಾರೆ. ಝುಬೈದಾ ಬೀಡಿ ಕಟ್ಟುತ್ತಾಳೆ, ಮೊದಲಿಗಿಂತ ಸ್ವಲ್ಪ ಹೆಚ್ಚು ಮಾತಾಡುತ್ತಾಳೆ. ಅದು ಹೇಗೆ ಬಂತು ಎಂಬುದೇ ಈ ಕಾಗದ.

ದೇವದಾಸ, ಇಬ್ರಾಹಿಂ ಸಿಕ್ಕಿದ. ಮಲಯಾದಲ್ಲಿ ನಮ್ಮ ರಬ್ಬರ್ ಎಸ್ಟೇಟಿನ ದುಭಾಷಿ ಇಬ್ರಾಹಿಂ, ಜಪಾನಿನವರು ಬಂದ ಮೇಲೆ ತೋಳಿಗೆ ಅವರ ಪಟ್ಟಿ ಕಟ್ಟಿಕೊಂಡು ತಿರುಗುತ್ತಿದ್ದನಲ್ಲ, ಅವನೇ. ಸಿಯಾಮಿನ ರೈಲ್ವೆ ಕೆಲಸಕ್ಕೆ ಒಯ್ದ ಮೊದಲ ತಂಡದಲ್ಲೇ ನಿನ್ನ ಹೆಸರು ಹೇಳಿದವನೂ ಅವನೇ. ನೀನು ಹೋದ ಮೇಲಿನದ್ದು ನಿನಗೆ ಪೂರ್ತಿ ಗೊತ್ತಿಲ್ಲ. ಜಪಾನಿನವರ ವಿರುದ್ಧ ಕಾಡಿನಲ್ಲಿ ಅಡಗಿ ಹೋರಾಡುತ್ತಿದ್ದ ಚೀನೀಯರಿಗೆ ನಾನು ಎಸ್ಟೇಟ್ ಅಂಗಡಿಯಿಂದ ಅಕ್ಕಿ ಕೊಟ್ಟೆನೆಂದು ಹಿಡಿದುಕೊಂಡು ಹೋದರು. ಹಲಗೆಗೆ ಕಟ್ಟಿ, ಬಾಯಿಗೆ ಕೊಳವೆ ತುರುಕಿ, ಹೊಟ್ಟೆ ಉಬ್ಬುವ ತನಕ ನೀರು ಹೊಯ್ದು, ಮೇಲೆ ಹತ್ತಿ ತುಳಿದರು. ಉಗುರುಗಳನ್ನು ಕಿತ್ತರು. ಇಬ್ರಾಹಿಂ ಪಕ್ಕದಲ್ಲಿ ನಿಂತು, ಎಲೆಯಡಿಕೆ ಜಗಿಯುತ್ತಾ, ಅವರ ಪ್ರಶ್ನೆಯನ್ನು ನನಗೂ ನನ್ನ ಕಿರುಚಾಟವನ್ನು ಅವರಿಗೂ ತಿರುಗಿಸಿ ಹೇಳುತ್ತಿದ್ದ. ಝುಬೈದಾ ಓಡಿ ಬಂದು ಅಧಿಕಾರಿಯ ಬೂಟಿಗೆ ಬಿದ್ದಳು. ಗಂಡನನ್ನು ಬಿಡಿ ಎಂದು ಬೇಡಿದಳು. ಇಬ್ರಾಹಿಂ ಅದನ್ನೂ ತಿರುಗಿಸಿ ಹೇಳಿದ. ಅಧಿಕಾರಿ ನಕ್ಕ. ಅವಳನ್ನು ಅವರ ಬಂಗಲೆಗೆ ಎಳೆದುಕೊಂಡು ಹೋದದ್ದನ್ನು ನಾನು ಹಲಗೆಯ ಮೇಲೆ ಮಲಗಿಕೊಂಡೇ ನೋಡಿದೆ.

ಯುದ್ಧ ಮುಗಿದು ನಾವಿಬ್ಬರೂ ಹೇಗೋ ಊರು ಸೇರಿದೆವು. ಆ ಬಂಗಲೆಯ ಸುದ್ದಿಯನ್ನು ಅವಳು ಎತ್ತಲಿಲ್ಲ. ಒಮ್ಮೆ ನಾನು ಕೇಳಿದಾಗ, ನೀವು ಕೇಳಿದರೆ ನಾನು ಹೊಳೆಗೆ ಹಾರುತ್ತೇನೆ ಎಂದಳು. ಮತ್ತೆ ಕೇಳಲಿಲ್ಲ.

ಕಳೆದ ರಂಜಾನಿನಲ್ಲಿ ಪುತ್ತೂರಿನ ಒಬ್ಬ ದೊಡ್ಡ ವ್ಯಾಪಾರಿ ಬಡ ಹೆಂಗಸರಿಗೆ ಬಟ್ಟೆ ಹಂಚುತ್ತಾರೆಂದು ಸುದ್ದಿ ಬಂತು. ಇಬ್ರಾಹಿಂ ಹಾಜಿ ಎಂಬುದು ಹೆಸರು. ಆ ಹೆಸರಿನವರು ಊರೂರಲ್ಲಿ ಇದ್ದಾರೆ, ನಮಗೆ ಯಾವ ಸಂಶಯವೂ ಬರಲಿಲ್ಲ. ನೆರೆಮನೆಯ ಸುಹರಾ ಒಬ್ಬಳೇ ಹೋಗಲಿಕ್ಕೆ ಅಂಜಿ ಝುಬೈದಾಳನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಸಾಲು ಮುಂದೆ ಹೋಯಿತು. ಬಟ್ಟೆ ಕೊಡುವ ಕೈ ಇವಳ ಮುಂದೆ ಬಂದಾಗ ಇವಳು ತಲೆಯೆತ್ತಿದಳು. ಗಡ್ಡ ಬಿಳಿಯಾಗಿತ್ತು. ಆದರೆ ಬಟ್ಟೆ ತಕ್ಕೊ ತಂಗಿ ಎಂದ ಆ ಸ್ವರ ಬದಲಾಗಿರಲಿಲ್ಲ.

ಝುಬೈದಾ ಬಟ್ಟೆಯನ್ನು ಅವನ ಮುಖಕ್ಕೆ ಬಿಸಾಡಿ, ಅಷ್ಟೂ ಹೆಂಗಸರ ಎದುರು, ಮಸೀದಿಯ ಜಮಾಅತಿನ ಹಿರಿಯರ ಎದುರು ಹೇಳಿದಳಂತೆ: "ಇವ ಹಾಜಿ ಅಲ್ಲ. ಮಲಯಾದಲ್ಲಿ ನನ್ನನ್ನು ಜಪಾನಿನ ಸೋಲ್ಜರ್‌ಗಳಿಗೆ ಹಿಡಿದು ಕೊಟ್ಟವ." ಅವನ ಜನ ಅವಳ ತಲೆವಸ್ತ್ರ ಹಿಡಿದು ಎಳೆದು, ಮೆಟ್ಟಿಲಿನಿಂದ ಕೆಳಗೆ ದೂಡಿದರು. ಸುಹರಾ ಅಳುತ್ತಾ ಕರೆದುಕೊಂಡು ಬಂದಳು. ಇವಳ ಹಣೆಯಲ್ಲಿ ರಕ್ತ ಹರಿಯುತ್ತಿತ್ತು, ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

ವಾರ ಕಳೆಯುವುದರೊಳಗೆ ಇಬ್ರಾಹಿಂ ಅವಳ ಮೇಲೆ ಮಾನನಷ್ಟದ ಮೊಕದ್ದಮೆ ಹಾಕಿದ. ಯುದ್ಧದ ಕಾಲದಲ್ಲಿ ತಾನು ಕೊಲಂಬೊದಲ್ಲಿ ವ್ಯಾಪಾರ ಮಾಡಿಕೊಂಡಿದ್ದೆ, ಮಲಯಾವನ್ನು ಕಣ್ಣಿನಲ್ಲೂ ನೋಡಿಲ್ಲ, ಈ ಹೆಂಗಸಿಗೆ ತಲೆ ಸರಿಯಿಲ್ಲ ಎಂದು. ಹಿರಿಯರು ಮನೆಗೆ ಬಂದು, ಕ್ಷಮೆ ಕೇಳಿದರೆ ಇಲ್ಲಿಗೇ ಮುಗಿಯುತ್ತದೆ, ಹೆಂಗಸಿನ ಮಾನ ಕೋರ್ಟಿನಲ್ಲಿ ಹರಡುವುದು ಚಂದವಲ್ಲ ಎಂದು ಬುದ್ಧಿ ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಉಮ್ಮ ಬಂದರು.

"ಮಗ ಬಾಯಿ ಕಟ್ಟಿ ಬಂದ, ಸೊಸೆಯೂ ಬಾಯಿ ಕಟ್ಟಿ ಬಂದಳು. ಈಗ ಒಬ್ಬಳಿಗೆ ಮಾತು ಬಂದುಂಟು. ಅದನ್ನು ನಿಲ್ಲಿಸ್ಲಿಕ್ಕೆ ಬಂದದ್ದಾ ನೀವು? ಚಾ ಕುಡಿದು ಹೋಗಿ."

ಅವರು ಚಾ ಕುಡಿಯದೆ ಹೋದರು.

ಸರ್ವೋತ್ತಮ ಎಂಬ ಪುತ್ತೂರಿನ ವಕೀಲರು ನಮ್ಮ ಕಡೆ ನಿಂತರು. ನರಿಮೊಗರಿನವರು, ಕಡಿಮೆ ಮಾತಿನ ಮನುಷ್ಯ. ಮೊದಲ ದಿನವೇ ಅವರು ನನಗಲ್ಲ, ಝುಬೈದಾಳಿಗೇ ಹೇಳಿದರು: "ನೀವು ಹೇಳಿದ್ದು ಸತ್ಯ ಮತ್ತು ಜನರ ಒಳ್ಳೆಯದಕ್ಕೆ ಹೇಳಿದ್ದು ಅಂತ ತೋರಿಸಿದರೆ ತಪ್ಪಿಲ್ಲ, ಕಾನೂನಿನಲ್ಲೇ ಉಂಟು ಅದು. ಕೇಸು ಹಾಕಿದ್ದು ಅವನು. ಆದರೆ ಕೋರ್ಟಿನ ಬಾಗಿಲು ತೆರೆದದ್ದು ನಿಮಗೆ. ಎಲ್ಲ ಹೇಳಬೇಕಾಗ್ತದೆ. ಹೇಳ್ತೀರಾ?" ಝುಬೈದಾ ತಲೆಯಾಡಿಸಿದಳು.

ಮಳೆಗಾಲ ಮುಗಿಯುತ್ತಿದ್ದ ಹಾಗೆ ಒಂದು ಸಂಜೆ ನಾನು ಅರಂತೋಡಿನಿಂದ ಒಣಮೀನಿನ ಬುಟ್ಟಿ ಹೊತ್ತುಕೊಂಡು ಬರುತ್ತಿದ್ದೆ. ರಸ್ತೆಯ ತಿರುವಿನಲ್ಲಿ ಮೂವರು ಕಾಯುತ್ತಿದ್ದರು. ಒಬ್ಬ ನನ್ನ ಕಾಲಿಗೆ ಹೊಡೆದು ಬೀಳಿಸಿದ. ಇನ್ನೊಬ್ಬ ಬಲಗೈಯನ್ನು ಮೈಲುಕಲ್ಲಿನ ಮೇಲಿಟ್ಟು ಹಿಡಿದ. ಮೂರನೆಯವ ಗುದ್ದಲಿಯ ಹಿಂಬದಿಯಿಂದ ಹೊಡೆದ. ಮೊದಲ ಏಟಿಗೇ ಎಲುಬು ಮುರಿದ ಸದ್ದು ಕೇಳಿಸಿತು. ಅವನು ನಿಲ್ಲಿಸಲಿಲ್ಲ. ಹೆಂಡತಿಗೆ ಹೇಳು, ನಾಲಗೆ ಮಡಚಿಕೊಳ್ಳಲಿಕ್ಕೆ ಎಂದು ಹೇಳಿ ಬಾಯಿಗೆ ಒದ್ದು ಹೋದರು. ಅದೇ ವಾರ ನಮ್ಮ ಮನೆಯ ಹುಲ್ಲಿನ ಮಾಡಿಗೂ ಬೆಂಕಿಯಿಟ್ಟರು. ಮುಳಿಹುಲ್ಲು ಮಳೆಗೆ ಒದ್ದೆಯಾಗಿದ್ದರಿಂದ ಒಂದು ಮೂಲೆ ಮಾತ್ರ ಸುಟ್ಟಿತು.

ನಿಜ ಹೇಳುತ್ತೇನೆ, ನಾನು ಹೆದರಿದೆ. ಬಿಟ್ಟುಬಿಡೋಣವೇ ಎಂದು ಝುಬೈದಾಳನ್ನು ಕೇಳಿದೆ. ಅವಳು ನನ್ನ ಕೈಗೆ ಎಣ್ಣೆ ಹಚ್ಚುತ್ತಿದ್ದಳು. ಕೆಲಸ ನಿಲ್ಲಿಸದೆಯೇ, "ಅವನಿಗೆ ಹೆದರಿಕೆ ಆಗಿದೆ, ನೋಡಿ," ಎಂದಳು.

ವಿಚಾರಣೆಯ ದಿನ ಕೋರ್ಟಿನ ಜಗಲಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಎಲ್ಲರೂ ಗಂಡಸರು. ಉಮ್ಮ ಊರಿನ ಹೆಂಗಸರನ್ನು ಕಟ್ಟಿಕೊಂಡು ಬಂದು ಎದುರಿನ ಬೆಂಚಿನಲ್ಲಿ ಕೂರಿಸಿದರು. ಬ್ಯಾರಿ ಹೆಂಗಸರೂ ಇದ್ದರು, ಗೌಡರ ಮನೆಯವರೂ ಇದ್ದರು. ಮ್ಯಾಜಿಸ್ಟ್ರೇಟರು ಘಟ್ಟದ ಮೇಲಿನವರು, ತುಳು ಬಾರದು. ಝುಬೈದಾ ತುಳುವಿನಲ್ಲಿ ಹೇಳುವುದು, ಗುಮಾಸ್ತ ಕನ್ನಡಕ್ಕೆ ತಿರುಗಿಸುವುದು ಎಂದಾಯಿತು. ಆ ಬಂಗಲೆಯಲ್ಲಿ ತನಗೆ ಏನು ಮಾಡಿದರು ಎಂದು ಅವಳು ಹೇಳಿದಳು. ಗುಮಾಸ್ತನ ಮುಖ ಕೆಂಪಾಯಿತು. ಸೈನಿಕರು ತನ್ನೊಡನೆ ಅನುಚಿತವಾಗಿ ವರ್ತಿಸಿದರು ಎಂದು ಹೇಳುತ್ತಾಳೆ ಎಂದ.

ಝುಬೈದಾ ಅವನತ್ತ ತಿರುಗಿದಳು.

"ನಾನು ಹಾಗೆ ಹೇಳ್ಲಿಲ್ಲ. ಒಮ್ಮೆ ಒಬ್ಬ ನನ್ನ ಮಾತನ್ನು ತಿರುಗಿಸಿ ಹೇಳಿದ. ನನ್ನ ಗಂಡನನ್ನು ಬಿಡಿ ಅಂತ ನಾನು ಅತ್ತೆ. ಇವಳು ಬರ್ಲಿಕ್ಕೆ ಒಪ್ಪಿದ್ದಾಳೆ ಅಂತ ಅವ ಅವರಿಗೆ ಹೇಳಿದ. ಅಧಿಕಾರಿ ಆ ಮೇಲೆ ಅದನ್ನೇ ಮಲಾಯಿ ಭಾಷೆಯಲ್ಲಿ ನನ್ನ ಮುಖಕ್ಕೆ ಹೇಳಿ ನಕ್ಕ. ಇನ್ನು ನನ್ನ ಮಾತು ಯಾರೂ ತಿರುಗಿಸುದು ಬೇಡ. ನನಗೆ ಗೊತ್ತಿದ್ದ ಕನ್ನಡದಲ್ಲಿ ನಾನೇ ಹೇಳ್ತೇನೆ. ಬರ್ಕೊಳ್ಳಿ."

ಮತ್ತೆ ಅವಳು ಹರಕು ಕನ್ನಡದಲ್ಲಿ, ಒಂದನ್ನೂ ಬಿಡದೆ ಹೇಳಿದಳು. ಕಟ್ಟಿಹಾಕಿದ್ದು, ಸಿಗರೇಟಿನಿಂದ ಸುಟ್ಟದ್ದು, ಒಬ್ಬನ ಮೇಲೊಬ್ಬ ಬಂದದ್ದು, ಬಾಗಿಲು ತೆರೆದು ಮುಚ್ಚುತ್ತಿದ್ದವನು ಇಬ್ರಾಹಿಂ ಆಗಿದ್ದದ್ದು. ಗರ್ಭದಲ್ಲಿದ್ದ ನಮ್ಮ ಮಗು ಅಲ್ಲೇ ಹೋದದ್ದು. ಅದನ್ನು ನಾನು ಆ ದಿನವೇ ಕೇಳಿದ್ದು, ದೇವದಾಸ. ನಾನು ತಂದೆಯಾಗಲಿಕ್ಕಿದ್ದೆ ಎಂಬುದನ್ನು ಕೋರ್ಟಿನ ಗೋಡೆಗೆ ಒರಗಿಕೊಂಡು ತಿಳಿದುಕೊಂಡೆ. ಎದುರು ವಕೀಲರು, ಇಷ್ಟೆಲ್ಲ ಆಗಿದ್ದರೆ ನೀನು ಯಾಕೆ ಸಾಯಲಿಲ್ಲ ಎಂದು ಕೇಳಿದರು. "ಇವತ್ತು ಇಲ್ಲಿಗೆ ಬರ್ಲಿಕ್ಕೆ ಇತ್ತಲ್ಲ," ಎಂದಳು.

ಇಬ್ರಾಹಿಂ ತಾನು ಕೊಲಂಬೊದಲ್ಲಿದ್ದದ್ದಕ್ಕೆ ಸಾಕ್ಷಿಯಾಗಿ ಆದಂ ಕುಂಞಿ ಎಂಬ ವಯಸ್ಸಾದವರಿಂದ ಮೊದಲೇ ಕೋರ್ಟಿನಲ್ಲಿ ಹೇಳಿಸಿದ್ದ. ಅಲ್ಲಿ ಅಂಗಡಿ ಇಟ್ಟುಕೊಂಡಿದ್ದವರು. ಝುಬೈದಾ ಹೇಳಿದ ದಿನ ಅವರೂ ಜಗಲಿಯಲ್ಲಿ ನಿಂತು ಕೇಳಿದ್ದರಂತೆ. ಮರುದಿನ ಬೆಳಿಗ್ಗೆ ಸರ್ವೋತ್ತಮರ ಮನೆಗೆ ಹೋಗಿ, ನನ್ನನ್ನು ಇನ್ನೊಮ್ಮೆ ಕರೆಸಿ ಎಂದು ಕೇಳಿಕೊಂಡರು. ಮ್ಯಾಜಿಸ್ಟ್ರೇಟರು ಒಪ್ಪಿದರು. ಆದಂ ಕುಂಞಿಯವರು ಕಟಕಟೆ ಹಿಡಿದು ನಿಂತು, "ಯುದ್ಧ ಮುಗಿಯುವ ವರೆಗೆ ಕೊಲಂಬೊದಲ್ಲಿ ಇದ್ದದ್ದು ನಾನು. ಇವರು ಅಲ್ಲಿ ಇರ್ಲಿಲ್ಲ. ಮೊನ್ನೆ ನಾನು ಹೇಳಿದ್ದು ಸುಳ್ಳು, ಅದಕ್ಕೆ ಶಿಕ್ಷೆ ಇದ್ದರೆ ಕೊಡಿ," ಎಂದರು. ಇಬ್ರಾಹಿಂ ಎದ್ದು ನಿಂತು, ಬ್ಯಾರಿ ಭಾಷೆಯಲ್ಲಿ ಅವರ ತಾಯಿಯನ್ನು ಎತ್ತಿ ಬೈದ. ಪೊಲೀಸ್ ಅವನ ಹೆಗಲು ಅದುಮಿ ಕೂರಿಸಿದ.

ಡಿಸೆಂಬರಿನಲ್ಲಿ ತೀರ್ಪು ಬಂತು. ಝುಬೈದಾ ಹೇಳಿದ ಮಾತು ಸತ್ಯ, ಅದನ್ನು ಹೇಳುವುದು ಊರಿನ ಹಿತಕ್ಕೆ ಬೇಕಾಗಿತ್ತು, ಅವಳ ಮೇಲೆ ಯಾವ ತಪ್ಪೂ ಇಲ್ಲ. ಉಮ್ಮ ಎರಡೂ ಕೈಯಲ್ಲಿ ಸೊಸೆಯ ಮುಖ ಹಿಡಿದುಕೊಂಡರು.

ಆದರೆ ಇಬ್ರಾಹಿಂ ಈಗಲೂ ಹೊರಗೇ ಇದ್ದಾನೆ. ಹಿರಿಯರು ಅವನನ್ನು ಜಮಾಅತಿನ ಕೆಲಸದಿಂದ ಇಳಿಸಿದ್ದಾರೆ, ಅಂಗಡಿ ಮಾತ್ರ ತೆರೆದೇ ಇದೆ. ನನ್ನ ಕೈ ಮುರಿದವರು ಸಿಕ್ಕಿಲ್ಲ. ಪರದೇಶದಲ್ಲಿ ಮಾಡಿದ ಅಪರಾಧಕ್ಕೂ ನಮ್ಮ ದೇಶದವನನ್ನು ಇಲ್ಲಿ ವಿಚಾರಿಸಬಹುದಂತೆ. ಅದಕ್ಕೆ ಸರಕಾರದ ಒಪ್ಪಿಗೆ ಬೇಕು. ಸರ್ವೋತ್ತಮರು ದೆಹಲಿಗೆ ಅರ್ಜಿ ಕಳುಹಿಸುವ ತಯಾರಿಯಲ್ಲಿದ್ದಾರೆ. ಸಿಗುತ್ತದೆ ಎಂದು ಅವರು ಹೇಳುವುದಿಲ್ಲ, ಕೇಳದೆ ಬಿಡುವುದಿಲ್ಲ ಎನ್ನುತ್ತಾರೆ.

ನಿನ್ನ ಆರೋಗ್ಯ ನೋಡಿಕೋ. ಗಿರಣಿಯ ಹೊಗೆಯಲ್ಲಿ ನಿನ್ನ ಕೆಮ್ಮು ಹೆಚ್ಚಾಗದಿರಲಿ. ನಿನ್ನ ಹೆಂಡತಿ ಮಕ್ಕಳ ಮೇಲೆ ದೇವರ ಕರುಣೆ ಇರಲಿ ಎಂದು ಉಮ್ಮ ಪ್ರತಿ ನಮಾಜಿನಲ್ಲಿ ಕೇಳುತ್ತಾರೆ. ನಾನೂ ಕೇಳುತ್ತೇನೆ.

ನಿನ್ನವನೇ,
ಸಾಹುಲ್ ಹಮೀದ್

ತಾ.ಕ.: ಮೇಲೆ ಒಂದು ವಿಷಯ ಬಿಟ್ಟಿದ್ದೇನೆ. ಬರೆಯಲಿಕ್ಕೆ ಕೈ ಬರಲಿಲ್ಲ. ಕಾಗದ ಮಡಚುವಾಗ ಝುಬೈದಾ ಕೇಳಿದಳು, ಬರೆದಿರಾ ಎಂದು.

ಆ ಬಂಗಲೆಯಲ್ಲಿ ನಿನ್ನೊಂದಿಗೆ ಇನ್ಯಾರಿದ್ದರು, ಹೆಸರು ಹೇಳು ಎಂದು ಎದುರು ವಕೀಲರು ಪೀಡಿಸಿದಾಗ ಅವಳು ಒಂದು ಹೆಸರನ್ನು ಮಾತ್ರ ಹೇಳಲಿಲ್ಲ. "ಅವಳು ಸತ್ತಿದ್ದಾಳೆ. ಅವಳ ಅಣ್ಣನನ್ನು ಕೇಳದೆ ಹೇಳುದಿಲ್ಲ," ಎಂದಳು. ಹೊರಗೆ ಬಂದು, ಬಸ್ಸಿಗೆ ಕಾಯುತ್ತಿದ್ದಾಗ ನನಗೆ ಹೇಳಿದಳು. ನಿನ್ನ ತಂಗಿ ಅಪ್ಪಿ, ದೇವದಾಸ. ನಿನ್ನನ್ನು ಒಯ್ದ ಮೇಲೆ ನಮ್ಮ ಮನೆಯಲ್ಲಿದ್ದಳಲ್ಲ, ಕಾಲರಾದಲ್ಲಿ ಹೋದಳೆಂದು ನಿನಗೂ ನನಗೂ ತಿಳಿದಿದ್ದದ್ದು ಝುಬೈದಾ ಹೇಳಿದ ಮಾತಿನಿಂದ. ಅದು ಕಾಲರಾ ಅಲ್ಲ. ಇಬ್ಬರನ್ನೂ ಒಂದೇ ದಿನ ಎಳೆದುಕೊಂಡು ಹೋಗಿದ್ದರು. ಅಪ್ಪಿ ಒಬ್ಬ ಅಧಿಕಾರಿಯ ಕೈ ಕಚ್ಚಿದಳು. ಇಬ್ರಾಹಿಂ ಅವಳ ಜಡೆ ಹಿಡಿದು ನಿಂತ, ಅವರು ಬಂದೂಕಿನ ಹಿಂಬದಿಯಿಂದ ಅವಳು ಅಲುಗಾಡದಾಗುವ ತನಕ ಜಜ್ಜಿದರು. ಝುಬೈದಾಳ ಮಡಿಲಲ್ಲಿ ಜೀವ ಹೋಯಿತು. ಅಣ್ಣನಿಗೆ ಹೇಳಬೇಡಿ ಎಂದು ಮಾತು ತೆಗೆದುಕೊಂಡಿದ್ದಳು. ಝುಬೈದಾ ಅದನ್ನು ಇಷ್ಟು ವರ್ಷ ಹೊತ್ತುಕೊಂಡಳು. ಈಗ ಹೇಳುತ್ತಾಳೆ, ನಾಚಿಕೆ ಅಪ್ಪಿಯದ್ದಲ್ಲ, ಹಾಗಾಗಿ ಆ ಮಾತು ಮುರಿಯುತ್ತೇನೆ ಎಂದು.

ಅರ್ಜಿಯಲ್ಲಿ ಅಪ್ಪಿಯ ಹೆಸರು ಸೇರಿಸಿದರೆ ಕೊಲೆಯ ಆರೋಪವೂ ಬರುತ್ತದೆ. ಹೆಸರು ಕೊಡುವುದೋ ಬೇಡವೋ, ನೀನು ಹೇಳಬೇಕು. ಏನು ಹೇಳಿದರೂ ನಮಗೆ ಒಪ್ಪಿಗೆ.

ಝುಬೈದಾ ಇನ್ನೊಂದು ಕೇಳಲಿಕ್ಕೆ ಹೇಳಿದ್ದಾಳೆ. ರಬ್ಬರ್ ಮರಗಳ ಕೆಳಗೆ ಅವಳೇ ಕೈಯಿಂದ ಮಣ್ಣು ತೋಡಿ ಅಪ್ಪಿಯನ್ನು ಮಲಗಿಸಿದಳು. ನಿಮ್ಮ ಕ್ರಮ ಅವಳಿಗೆ ಗೊತ್ತಿರಲಿಲ್ಲ, ಹೇಳಿಕೊಡಲು ಯಾರೂ ಇರಲಿಲ್ಲ. ತನಗೆ ಬರುತ್ತಿದ್ದ ನಮ್ಮ ದುಆವನ್ನೇ ಹೇಳಿ ಮಣ್ಣು ಮುಚ್ಚಿದಳಂತೆ. ದೇವದಾಸಣ್ಣನಿಗೆ ಅದರಿಂದ ಬೇಸರವೋ ಕೇಳಿ, ಎಂದಿದ್ದಾಳೆ.