ಬಟವಾಡೆಯ ದಿನ ಕೇಳಿದ ಪ್ರಶ್ನೆ

ಹೊಂಗಡಹಳ್ಳ
೮ ಫೆಬ್ರವರಿ ೨೦೨೬

ಪ್ರೀತಿಯ ತಮ್ಮ ದಯಾನಂದನಿಗೆ ಅಕ್ಕ ಬರೆಯುವುದು.

ಕ್ಷೇಮ ಸಮಾಚಾರ ಈ ಸಲ ಇಲ್ಲ. ಕಳೆದ ಡಿಸೆಂಬರ್ ಹದಿಮೂರು, ಶನಿವಾರ, ಇಲ್ಲಿನ ಎಸ್ಟೇಟಿನ ಕಣದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ನೀನು ಜನರ ಬಾಯಿಂದ ಸುಳ್ಳು ಹೇಳಿಸಿದೆ. ಅದನ್ನು ಅಚ್ಚು ಹಾಕಿಸಿದೆ. ಆ ಅಚ್ಚಿನ ಮಾತು ಈಗ ಒಬ್ಬ ಮನುಷ್ಯನ ಮರ್ಯಾದೆ ತೆಗೆಯುತ್ತಿದೆ.

ನೀನು ಬಂದದ್ದು ಒಳ್ಳೆಯ ಕೆಲಸಕ್ಕೇ. ಎರಡು ವರ್ಷದ ಹಿಂದೆ ಎಲ್ಲಿಯದೋ ಆನೆಯ ವಿಡಿಯೊವನ್ನು 'ಈಗ ಹೆಗ್ಗದ್ದೆ ಶಾಲೆ ಹತ್ತಿರ' ಎಂದು ಯಾರೋ ಹರಿಬಿಟ್ಟು, ತಾಯಂದಿರು ಎದ್ದುಬಿದ್ದು ಓಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಅಂಥ ಸುಳ್ಳು ತಡೆಯಲೆಂದೇ ನಿನಗೆ ಕೆಲಸ ಕೊಟ್ಟ ಆ ಸಂಸ್ಥೆಯವರು ವಾಟ್ಸಾಪ್ ಗುಂಪು ಮಾಡಿದರು. ಆನೆ ಎಲ್ಲಿದೆ ಎಂದು ಬೆಳಿಗ್ಗೆ, ಸಂಜೆ ಅದರಲ್ಲಿ ದನಿ ಮುದ್ರಿಸಿದ ಸಂದೇಶ ಬರುತ್ತದೆ. ಜನ ಅದನ್ನು ನಂಬುತ್ತಾರೋ ಇಲ್ಲವೋ ಅಳೆದು ಹೇಳಲು ನಿನ್ನನ್ನು ಕಳಿಸಿದರು. ನನ್ನ ತಮ್ಮ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ.

ಆದರೆ ನಮ್ಮ ಕಡೆ ಆ ದನಿ ಯಾರದು? ಎಸ್ಟೇಟಿನ ರೈಟರ್ ಶಾಂತಮಲ್ಲಪ್ಪನದು. ಆಳುಗಳ ಹಾಜರಿ ಹಾಕುವವನೂ ಅವನೇ, ಶನಿವಾರ ಕೂಲಿ ಬಟವಾಡೆ ಮಾಡುವವನೂ ಅವನೇ. ಅವನ ಮೇಜಿನ ಪಕ್ಕದಲ್ಲೇ ನಿನ್ನ ಮೇಜು ಹಾಕಿಸಿ, ಕೂಲಿಗೆ ನಿಂತವರನ್ನು ಒಬ್ಬೊಬ್ಬರಾಗಿ ಕರೆದು, ಗುಂಪಿನ ಸುದ್ದಿ ನಂಬುತ್ತೀರಾ, ಅದರಂತೆ ನಡೆಯುತ್ತೀರಾ ಎಂದು ಕೇಳಿದೆ. ನಿನ್ನ ಜೊತೆ ಬಂದಿದ್ದ ನಾನು ಅಲ್ಲೇ ಕಾಫಿ ಹಂಚುತ್ತಿದ್ದೆ. ಲಕ್ಕಯ್ಯ ರೈಟರ್ ಮುಖ ನೋಡಿ, "ನಂಬ್ದೆ ಏನ್ ಮಾಡದು ಸಾ, ರೈಟ್ರು ಹೇಳ್ದಂಗೆ" ಎಂದ. ಸಾಲಿನಲ್ಲಿ ನಗೆ. ಅವನ ಹೆಂಡತಿ ಬಸಮ್ಮ, "ಬೇಗ ಹೂಂ ಅನ್ನು ಮಾರಾಯ, ಸಂತೆ ಮುಗ್ದೋಯ್ತದೆ" ಎಂದು ಹಿಂದಿನಿಂದ ತಿವಿದಳು. ನೀನೂ ನಕ್ಕೆ. ನಗುತ್ತಲೇ 'ಪೂರ್ತಿ ನಂಬಿಕೆ' ಎಂಬಲ್ಲಿ ಗುರುತು ಹಾಕಿದೆ.

ದಯಾ, ತಿಳಿಯದವನು ಮಾಡಿದ್ದರೆ ಕ್ಷಮಿಸಬಹುದಿತ್ತು. ನಮ್ಮ ಅಪ್ಪ ಇದೇ ಕಣದಲ್ಲಿ ರೈಟರ್ ಆಗಿದ್ದವರು. ಧಣಿಯ ಮನೆಗೆ ಬಂದ ನೆಂಟರೊಬ್ಬರು ಬಟವಾಡೆಯ ದಿನ ಆಳುಗಳನ್ನು ಸುಖವಾಗಿದ್ದೀರಾ ಎಂದು ಕೇಳಿದಾಗ, ಎಲ್ಲರೂ ಒಂದೇ ಕೊರಳಲ್ಲಿ ಸುಖ ಅಂದದ್ದನ್ನು ನಾವಿಬ್ಬರೂ ಸ್ಟೋರಿನ ಮೆಟ್ಟಿಲ ಮೇಲೆ ಕೂತು ನೋಡಿದ್ದೆವು. ಆ ವಾರವೇ ಆಳುಗಳ ಮನೆಸಾಲಿನಲ್ಲಿ, ಲೈನಿನಲ್ಲಿ, ಜ್ವರ ಬಂದು ಮಗುವೊಂದು ತೀರಿಕೊಂಡಿತ್ತು. ಅಪ್ಪ ಅವತ್ತು ಊಟ ಮಾಡಲಿಲ್ಲ. ನಿನಗೆ ಮರೆತಿದೆ ಎಂದರೆ ನಾನು ಒಪ್ಪುವುದಿಲ್ಲ.

ಜನವರಿ ಮೊದಲ ವಾರ ನಿನ್ನ ವರದಿ ಬಂತು: ಹತ್ತರಲ್ಲಿ ಒಂಬತ್ತು ಜನಕ್ಕೆ ಗುಂಪಿನ ಮೇಲೆ ನಂಬಿಕೆ. ಆನೆ ದಾಟಿತೆಂಬ ಸುದ್ದಿ ಬಂದ ಕೂಡಲೇ ಎಲ್ಲರೂ ಕೆಲಸಕ್ಕೆ ಹೊರಡುತ್ತಾರೆ, ಅದೇ ಸಾಕ್ಷಿ ಎಂದೂ ಬರೆದಿದ್ದೀಯ. ಹೊರಡದಿದ್ದರೆ ನಾಳೆಯಿಂದ ಬರಬೇಡ ಅನ್ನುತ್ತಾರೆ, ಅದಕ್ಕೆ ಹೊರಡುತ್ತಾರೆ. ಹೆದರಿ ಬಂದವರನ್ನೆಲ್ಲ ನಂಬಿ ಬಂದವರೆಂದು ಎಣಿಸಿದೆ. ಲೈನಿಗೆ ಹೋಗಿ ಒಲೆಯ ಮುಂದೆ ಕೂತು ಕೇಳಿದ್ದರೆ, ಆಮೇಲೆ ನನಗೆ ಹೇಳಿದ್ದನ್ನು ಬಸಮ್ಮ ನಿನಗೂ ಹೇಳುತ್ತಿದ್ದಳು: "ಹಣ್ಣು ಕುಯ್ಯೋ ಕಾಲ್ದಲ್ಲಿ ಆ ಗುಂಪಲ್ಲಿ ಆನೆನೇ ಇರಲ್ಲ ಕಣಕ್ಕ. ಕುಯ್ಲು ಮುಗೀಲಿ, ದಿನಾ ಬತ್ತವೆ."

ಜನವರಿ ಇಪ್ಪತ್ತೊಂದರ ಬೆಳಿಗ್ಗೆ ಶಾಂತಮಲ್ಲಪ್ಪನ ದನಿ ಬಂತು: "ಆನೆ ಎಡಕುಮೇರಿ ಕಡೆ ದಾಟ್ಬುಟ್ಟವೆ, ಎಲ್ರೂ ಬೇಗ ಬನ್ರಿ." ಒಂಟಿ ಸಲಗ ಹಳ್ಳದ ಬದಿಯ ತೋಟದಲ್ಲೇ ಇದೆ ಎಂದು ಕಾವಲಿನವರು ಹಿಂದಿನ ಸಂಜೆಯೇ ಅವನಿಗೆ ತಿಳಿಸಿದ್ದರು. ಆದರೆ ರೊಬಸ್ಟಾ ಕಾಫಿ ಹಣ್ಣು ಉದುರುತ್ತಿತ್ತು, ಆಳು ಸಾಲದು. ಲಕ್ಕಯ್ಯ ಎಲ್ಲರಿಗಿಂತ ಮೊದಲು ತೋಟಕ್ಕೆ ಇಳಿದ. ಸಲಗ ಅವನನ್ನು ಎತ್ತಿ ಗಿಡಗಳ ಮೇಲೆ ಎಸೆಯಿತು. ಸೊಂಟ ಮುರಿದು ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ನೋಡಲು ಹೋದರೆ, "ಆನೆ ಸುಳ್ಳು ಹೇಳಲ್ಲ ಅಕ್ಕಾರೆ, ತಾನೇ ಬಂದು ಹೇಳ್ತು" ಎಂದು ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದ.

ಮಧ್ಯಾಹ್ನದೊಳಗೆ ಆ ಸಂದೇಶವನ್ನು ಗುಂಪಿನಿಂದ ಅಳಿಸಿದ್ದರು. ಈಗ ಎಸ್ಟೇಟಿನವರು, ನಾವು ಎಚ್ಚರಿಕೆ ಕೊಟ್ಟಿದ್ದೆವು, ಅವನೇ ಕುಡಿದು ಹೋದ ಅನ್ನುತ್ತಾರೆ. ಲಕ್ಕಯ್ಯ ಹೆಂಡ ಮುಟ್ಟುವವನಲ್ಲ. ವಿಚಾರಣೆಗೆ ಬಂದ ಅಧಿಕಾರಿಗಳ ಮುಂದೆ ನಿನ್ನ ವರದಿ ಹಿಡಿದು 'ಹತ್ತರಲ್ಲಿ ಒಂಬತ್ತು' ಎಂದು ಓದಿ, ಜನ ಇಷ್ಟು ನಂಬುವ ಗುಂಪು ಸುಳ್ಳು ಹೇಳೀತೇ ಎಂದರು. ಬಸಮ್ಮ, ದಾಟಿವೆ ಅಂತ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ ಎಂದಳು. "ಅಚ್ಚಾಗಿರೋದು ಸುಳ್ಳು, ನಿನ್ ಮಾತು ದಿಟಾನೇನೇ?" ಎಂದು ಶಾಂತಮಲ್ಲಪ್ಪ ಎಲ್ಲರೆದುರು ಗದರಿದ.

ಆಲೂರಿನ ಗ್ರಂಥಾಲಯದಲ್ಲಿ ಕೂದಲು ನರೆಯುವವರೆಗೆ ಜನರ ಕೈಗೆ ಅಚ್ಚಾದದ್ದನ್ನು ಕೊಟ್ಟು, ಓದಿ, ನಂಬಿ ಎಂದವಳು ನಾನು. ಸುಳ್ಳು ಸುದ್ದಿ ತಡೆಯಲು ಹೊರಟ ವರದಿ ಸುಳ್ಳಿನ ಪರವಾಗಿ ಸಾಕ್ಷಿ ನಿಂತಿತು. ಅದರ ರಟ್ಟಿನ ಮೇಲೆ ನನ್ನ ತಮ್ಮನ ಹೆಸರಿದೆ. ಬಸಮ್ಮ ಎದುರಾದರೆ ನಾನು ದಾರಿ ಬದಲಿಸುತ್ತೇನೆ.

ಇದೇ ಇಪ್ಪತ್ತೆರಡರ ಭಾನುವಾರ ಪಂಚಾಯಿತಿ ಕಚೇರಿಯಲ್ಲಿ ಈ ವಿಷಯಕ್ಕೇ ಸಭೆ ಇದೆ. ನನಗೆ ಫೋನು ಮಾಡಿ ಸಮಾಧಾನ ಹೇಳಬೇಡ. ಬಾ.

ನಾಚಿಕೆಯಿಂದ,
ನಿನ್ನ ಅಕ್ಕ
ಶಿವಲೀಲಾ

ಮೇಲೆ ಬರೆಯಲಾಗದೆ ಉಳಿದದ್ದು: ಆ ಗುಂಪಿನಲ್ಲಿ ನಾನೂ ಇದ್ದೇನೆ. ಅವತ್ತು ಆನೆ ದಾಟಿವೆ ಎಂದ ದನಿಯನ್ನು ಅಡುಗೆಮನೆಯಲ್ಲಿ ನಿಂತು ನಾನೂ ಕೇಳಿದೆ. ವಿಚಾರಣೆಯವರು ನನ್ನನ್ನು ಕೇಳಿದಾಗ, ಗಮನಿಸಲಿಲ್ಲ ಎಂದುಬಿಟ್ಟೆ. ಮೇಜಿನ ಮೇಲೆ ನಿನ್ನ ಹೆಸರಿನ ವರದಿ ಇತ್ತು. ಬಸಮ್ಮ ನನ್ನ ಮುಖವನ್ನೇ ನೋಡಿದಳು. ಭಾನುವಾರ ನಾನು ಎದ್ದು, ಕೇಳಿದ್ದೆ, ವಿಚಾರಣೆಯಲ್ಲಿ ನಾನೇ ಸುಳ್ಳು ಹೇಳಿದೆ ಎನ್ನುತ್ತೇನೆ. ಆಮೇಲೆ ಜನ ನಿನ್ನ ಕಡೆ ತಿರುಗುತ್ತಾರೆ. ಆ ಒಂಬತ್ತು ಜನರನ್ನು ಯಾವ ದಿನ, ಯಾರ ಪಕ್ಕದಲ್ಲಿ ಕೂತು ಕೇಳಿದೆ ಎಂಬುದಕ್ಕೆ ಲಕ್ಕಯ್ಯನ ಹೆಂಡತಿಯ ಮುಂದೆ, ಊರು ಕೇಳುವ ಹಾಗೆ, ಉತ್ತರ ಕೊಡು.